ನಮ್ಮ ಅಸ್ತ್ರ ಒಲೆಯ ಒಳಗನ್ನು ನಾನೇ ಬಿಚ್ಚಿ ಕಟ್ಟಿದ್ದು

ಹೋದ ಮಳೆಗಾಲದ ಕೊನೆಗೆ ನಮ್ಮ ಅಡುಗೆಮನೆಯ ಹೆಂಚಿನಡಿ ಮತ್ತೆ ಇಲ್ಲಣ, ಅಂದರೆ ಹೊಗೆಯ ಮಸಿ, ಕಟ್ಟಲು ಶುರುವಾಯಿತು. ಅಸ್ತ್ರ ಒಲೆ ಅಂದರೆ ಚಿಮಣಿ ಇರುವ ಸೌದೆ ಒಲೆ. ಅದು ಇರುವ ಮನೆಯಲ್ಲಿ ಇಲ್ಲಣ ಕಟ್ಟಬಾರದು. ಹೊಗೆಯೆಲ್ಲ ಚಿಮಣಿಯಲ್ಲೇ ಹೋಗಬೇಕು. ಒಂದು ದಿನ ಅತ್ತೆ ಅಟ್ಟದಿಂದ ಹಳೇ ಊದುಗೊಳವೆ ಹುಡುಕಿ ತೆಗೆದರು. ಈ ಒಲೆಗೆ ಊದುವ ಕೆಲಸವೇ ಇರಲಿಲ್ಲ. ಒಳಗೆ ಏನೋ ಕೆಟ್ಟಿದೆ ಅಂತ ಆಗಲೇ ಗೊತ್ತಾಯಿತು.

ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ ನಮ್ಮದು. ಮನೆಯಲ್ಲಿ ಗ್ಯಾಸ್ ಇದೆ. ಆದರೂ ಬೆಳಗಿನ ಕಡುಬು, ಮಧ್ಯಾಹ್ನದ ಅನ್ನ, ಎಮ್ಮೆಗೆ ಬೇಯಿಸುವ ಹುರುಳಿ ಎಲ್ಲ ಸೌದೆ ಒಲೆಯಲ್ಲೇ. ತೋಟದ ಸೋಗೆ, ಕರಟ, ಒಣಗಿದ ಕೊಂಬೆ ಇರುವಾಗ ಸಿಲಿಂಡರ್ ಯಾಕೆ ಉರಿಸಬೇಕು, ಅಲ್ವಾ?

ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಹಾಕಿಸಿದ ಒಲೆ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು 1974ರಲ್ಲಿ ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿದ್ದರು. ಹಳ್ಳಿಗೆ ಬೇಕಾದ ವಿಜ್ಞಾನ ಅವರ ಕೆಲಸ. 1980ರ ದಶಕದಲ್ಲಿ ಅಲ್ಲಿಂದ ಬಂದದ್ದೇ ಈ ಒಲೆ. ಸಾಲಾಗಿ ಮೂರು ಪಾತ್ರೆ, ಕೆಳಗೆ ಸೌದೆ ಉರಿಯುವ ಕಬ್ಬಿಣದ ಜಾಲಿ, ಹಿಂದೆ ಚಿಮಣಿ. ಆಗ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಇತ್ತು. ಒಲೆ ಕಟ್ಟುವುದನ್ನು ಊರೂರಿನಲ್ಲಿ ಕಲಿಸುತ್ತಿದ್ದರು. 2002ರಲ್ಲಿ ಕೇಂದ್ರದ ಆ ಕಾರ್ಯಕ್ರಮ ನಿಂತಿತು. ನಮ್ಮ ಒಲೆ ಕಟ್ಟಿದ ಮೇಸ್ತ್ರಿಯೂ ಈಗ ಇಲ್ಲ. ಹಾಗಾಗಿ ಈ ಕೆಲಸ ನಮ್ಮ ಕೈಗೇ ಬಂತು.

ಅಡಿಕೆ ಕೆಲಸ ಮುಗಿದು ಶಿವರಾತ್ರಿ ಕಳೆಯುವ ತನಕ ಕಾದೆ. ಒಲೆಯನ್ನು ಬಿಸಿಲುಗಾಲದಲ್ಲೇ ಬಿಚ್ಚಬೇಕು. ಮಳೆಗಾಲದಲ್ಲಿ ಹಸಿ ಮಣ್ಣು ಒಣಗುವುದೇ ಇಲ್ಲ.

ಮೊದಲು ಬೂದಿ ತೆಗೆದು, ಟಾರ್ಚ್ ಹಾಕಿ ಒಳಗೆ ನೋಡಿದೆ. ಜಾಲಿಯ ನಡುವಿನ ಸರಳುಗಳು ಬೂದಿಗುಂಡಿಗೆ ಜೋತುಬಿದ್ದಿದ್ದವು. ಎರಡು ಸರಳು ಸವೆದು ಪೆನ್ಸಿಲ್‌ನಷ್ಟು ತೆಳ್ಳಗಾಗಿದ್ದವು. ಬೆಂಕಿಗೂಡಿನ ಎಡಗೋಡೆ ಬಿರಿದಿತ್ತು. ಮೊದಲ ಪಾತ್ರೆಯಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ಒಂದು ದಿಬ್ಬ ಇರಬೇಕು, ಅದು ಕರಗಿ ಹೋಗಿತ್ತು.

ಇದರಲ್ಲಿ ನನ್ನ ತಪ್ಪೂ ಇತ್ತು. ಮೂರು ವರ್ಷದ ಹಿಂದೆ ಹಳೇ ಜಾಲಿ ಒಡೆದಾಗ, ಮನೆ ಕಟ್ಟಲು ತಂದು ಉಳಿದಿದ್ದ 10 ಎಂಎಂ ಸರಳನ್ನು ವೆಲ್ಡಿಂಗ್ ಮಾಡಿಸಿ ಹೊಸ ಜಾಲಿ ಮಾಡಿಸಿದ್ದೆ. ಅಲುಗಾಡಬಾರದು ಅಂತ ಸುತ್ತ ಸಿಮೆಂಟ್ ಮೆತ್ತಿ ಬಿಗಿ ಮಾಡಿದ್ದೆ. ಎರಡೂ ತಪ್ಪು. ಕಾದ ಕಬ್ಬಿಣ ಹಿಗ್ಗುತ್ತದೆ. ಒಂದು ಅಡಿ ಉದ್ದದ ಸರಳು ಕೆಂಪಗೆ ಕಾದರೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಬೆಳೆಯಲು ಜಾಗ ಇಲ್ಲದಿದ್ದರೆ ತಾನೇ ಬಾಗುತ್ತದೆ, ಇಲ್ಲವೇ ಗೋಡೆಯನ್ನು ತಳ್ಳುತ್ತದೆ. ನಮ್ಮಲ್ಲಿ ಎರಡೂ ಆಗಿತ್ತು. ಸಿಮೆಂಟಿನ ಕಥೆಯೂ ಅಷ್ಟೇ. ನಾಲ್ಕೈನೂರು ಡಿಗ್ರಿ ದಾಟಿದರೆ ಅದರೊಳಗೆ ಹಿಡಿದಿಟ್ಟ ನೀರು ಹೊರಟುಹೋಗಿ ಶಕ್ತಿ ಕಳೆದುಕೊಳ್ಳುತ್ತದೆ. ಉಳಿ ತಾಗಿಸಿದರೆ ಸಾಕು, ಪುಡಿಯಾಗಿ ಉದುರಿತು. ಒಲೆಯ ಹೊರಮೈಗೆ ಬೇಕಾದರೆ ಸಿಮೆಂಟ್ ಹಾಕಿ. ಬೆಂಕಿ ತಾಗುವ ಕಡೆ ದಯವಿಟ್ಟು ಬೇಡ.

ಹೊಸ ಜಾಲಿಗೆ ಶಿವಮೊಗ್ಗಕ್ಕೆ ಹೋದೆ. ಅಲ್ಲಿ ಎರಕದ ಕಾರ್ಖಾನೆಗಳು ಬಹಳ ಇವೆ. ಹಳೇ ಜಾಲಿಯನ್ನು ಗೋಣಿಯಲ್ಲಿ ಸುತ್ತಿ ಒಯ್ದಿದ್ದೆ. ಅಡಿಕೆ ಬೇಯಿಸುವ ಒಲೆಗೆ ಅಂತ ಮಾಡಿಟ್ಟ ಬೀಡಿನ ಜಾಲಿಗಳಲ್ಲಿ ಒಂದು ಸಣ್ಣದು ಸಿಕ್ಕಿತು, 8 ಇಂಚು ಅಗಲ, 10 ಇಂಚು ಉದ್ದ. ಬೀಡು ಕಬ್ಬಿಣ ಸರಳಿನ ಹಾಗೆ ಬೇಗ ಜೋತುಬೀಳುವುದಿಲ್ಲ, ಪದರ ಪದರವಾಗಿ ಏಳುವುದೂ ಕಡಿಮೆ. ಆದರೆ ಪೆಟ್ಟು ತಡೆಯುವುದಿಲ್ಲ. ದಪ್ಪ ಸೌದೆ ಕುಂಟೆಯನ್ನು ಎತ್ತಿ ಹಾಕಿದರೆ ಒಡೆಯುತ್ತದೆ. ಕಾದಾಗ ತಣ್ಣೀರು ಸುರಿದರೂ ಒಡೆಯುತ್ತದೆ.

ಗೋಡೆಗೆ ಬೆಂಕಿ ಇಟ್ಟಿಗೆ ತಂದೆ. ಅದು 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ ಇರುತ್ತದೆ. ಬೆಲೆ ಮಾಮೂಲಿ ಇಟ್ಟಿಗೆಗಿಂತ ತುಂಬಾ ಜಾಸ್ತಿ. ಹಾಗಾಗಿ ಉರಿ ನೇರ ಬಡಿಯುವ ಎರಡು ಪಕ್ಕಕ್ಕೆ ಮಾತ್ರ ಅದು, ಹಿಂದೆ ಊರಿನ ಇಟ್ಟಿಗೆ.

ಮಣ್ಣು ಕಲಸಿದ್ದು ಅತ್ತೆ. “ಗದ್ದೆ ಮಣ್ಣು ಬೇಡ ಮಾರಾಯ್ತಿ, ಬಿರಿಯುತ್ತದೆ. ಹುತ್ತದ ಮಣ್ಣು ತಾ” ಅಂದರು. ತೋಟದ ಬದಿಯ, ಗೆದ್ದಲು ಬಿಟ್ಟುಹೋದ ಹಾಳು ಹುತ್ತದಿಂದ ಎರಡು ಬುಟ್ಟಿ ತಂದೆ. ಅದನ್ನು ಜರಡಿ ಹಿಡಿದು, ಭತ್ತದ ಹೊಟ್ಟು, ಸಗಣಿ, ಸ್ವಲ್ಪ ಮರಳು ಸೇರಿಸಿ, ಜೋನಿ ಬೆಲ್ಲದ ನೀರು ಹಾಕಿ ತುಳಿದೆವು. ಎರಡು ರಾತ್ರಿ ಹಾಗೇ ಕೊಳೆಯಲು ಬಿಟ್ಟೆವು. ಹೊಟ್ಟು ಯಾಕೆ ಅಂದರೆ, ಅದು ಉರಿದು ಹೋದ ಮೇಲೆ ಮಣ್ಣಿನೊಳಗೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ಆ ತೂತಿನಲ್ಲಿರುವ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ. ಅತ್ತೆ ಇದನ್ನು ಬೇರೆ ರೀತಿ ಹೇಳಿದರು: “ಹೊಟ್ಟು ಹಾಕಿದ ಒಲೆಯ ಹೊರಗೋಡೆ ಕೈ ಸುಡುವುದಿಲ್ಲ.”

ಇಟ್ಟಿಗೆ ಕೂರಿಸುವ ಮೊದಲು ನೀರಲ್ಲಿ ನೆನೆಸಿದೆ. ಇಲ್ಲದಿದ್ದರೆ ಮಣ್ಣಿನ ನೀರನ್ನೆಲ್ಲ ಹೀರಿ ಬಿಡುತ್ತದೆ. ಸಂದಿಗೆ ತೆಳ್ಳಗೆ ಮಣ್ಣು ಕೊಟ್ಟರೆ ಸಾಕು, ದಪ್ಪ ಸಂದಿಯೇ ಮೊದಲು ಉದುರುವುದು. ಎರಡೂ ಕಡೆ ಇಟ್ಟಿಗೆಯ ಅಂಚನ್ನು ಒಂದು ಇಂಚು ಒಳಗೆ ಚಾಚಿ ಮೆಟ್ಟಿಲು ಮಾಡಿದೆ. ಜಾಲಿ ಆ ಮೆಟ್ಟಿಲ ಮೇಲೆ ಸುಮ್ನೆ ಕೂತಿದೆ. ಸುತ್ತ ಕಾಲು ಇಂಚು ಖಾಲಿ. ಮಣ್ಣು, ಸಿಮೆಂಟ್ ಏನೂ ಇಲ್ಲ. ಮುಂದೆ ಸವೆದರೆ ಇಕ್ಕಳ ಹಾಕಿ ಎತ್ತಿದರೆ ಬರುತ್ತದೆ. ಒಲೆ ಒಡೆಯಬೇಕಾಗಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ದಿಬ್ಬ. ಬೆಂಕಿ ಮೊದಲ ಪಾತ್ರೆಯ ತಳಕ್ಕೆ ತಾಗಿ, ದಿಬ್ಬ ಹತ್ತಿ, ಎರಡನೇ ಪಾತ್ರೆಯ ತಳವನ್ನು ನೆಕ್ಕಿಕೊಂಡು ಮುಂದಕ್ಕೆ ಹೋಗಬೇಕು. ದಿಬ್ಬ ಇಲ್ಲದಿದ್ದರೆ ಉರಿ ನೆಲದಲ್ಲೇ ಹರಿದು ಸೀದಾ ಚಿಮಣಿಗೆ ಹೋಗುತ್ತದೆ. ಎರಡನೇ ಒಲೆಯಲ್ಲಿ ಸಾರು ಕುದಿಯುತ್ತಲೇ ಇಲ್ಲ ಅಂತ ನಾನು ಸೌದೆಯನ್ನು ಬೈದಿದ್ದೆಲ್ಲ ಇದಕ್ಕೇ. ದಿಬ್ಬ ತೀರಾ ಎತ್ತರವಾದರೆ ದಾರಿ ಕಟ್ಟಿ ಹೊಗೆ ಬಾಯಿಗೆ ವಾಪಸ್ ಬರುತ್ತದೆ. ನಾನು ಮೂರು ಸಲ ಮೆತ್ತಿ ಮೂರು ಸಲ ಕೆರೆದೆ. ಕೊನೆಗೆ ಪಾತ್ರೆ ಇಟ್ಟಾಗ ದಿಬ್ಬಕ್ಕೂ ತಳಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಉಳಿಸಿದೆ. ನಮ್ಮ ಚಿಮಣಿಗೆ ಅದು ಸರಿಹೋಯಿತು.

ಪಾತ್ರೆ ಕೂರುವ ಬಾಯಿಗೆ ಅಳತೆಪಟ್ಟಿ ಬೇಕಾಗಲಿಲ್ಲ. ಅನ್ನದ ಚರಿಗೆಯ ತಳಕ್ಕೆ ಬೂದಿ ಸವರಿ, ಹಸಿ ಮಣ್ಣಿನಲ್ಲಿ ಇಟ್ಟು ನಿಧಾನವಾಗಿ ತಿರುಗಿಸಿದೆವು. ಪಾತ್ರೆ ಎತ್ತಿದಾಗ ಬಾಯಿ ತಯಾರಾಗಿತ್ತು. ಸುತ್ತ ಒಂದು ಕೂದಲೆಳೆಯಷ್ಟೂ ಸಂದಿ ಇಲ್ಲ. ಅಸ್ತ್ರ ಒಲೆಗೆ ಇದು ಬಹಳ ಮುಖ್ಯ. ಪಾತ್ರೆ ಬದಲಾದರೆ ಸಂದಿಯಿಂದ ಗಾಳಿ ನುಗ್ಗುತ್ತದೆ, ಚಿಮಣಿ ಎಳೆಯುವುದು ಕಡಿಮೆಯಾಗುತ್ತದೆ.

ಚಿಮಣಿಯದ್ದು ಬೇರೆಯೇ ಚಿಂತೆ. ಹಳೆಯದು ಆಸ್ಬೆಸ್ಟಾಸ್ ಸಿಮೆಂಟಿನ 4 ಇಂಚಿನ ಪೈಪು. ಹೆಂಚಿನ ಹತ್ತಿರ ಸೀಳು ಬಿಟ್ಟಿತ್ತು. ಅದನ್ನು ಗರಗಸದಿಂದ ಕೊಯ್ಯಲೇಬಾರದು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಟ್ಟಲೆ ಆದ ಮೇಲೆ ಕ್ಯಾನ್ಸರ್ ತರಬಲ್ಲದು. ನಮ್ಮನೆಯವರು ಮೂಗಿಗೆ ಮಾಸ್ಕ್ ಹಾಕಿಕೊಂಡು, ಪೈಪಿಗೆ ಚೆನ್ನಾಗಿ ನೀರು ಹೊಡೆದು, ಒಡೆಯದೆ ಇಡೀ ತುಂಡನ್ನೇ ಇಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬೇರೆ ಇಟ್ಟರು. ಮಕ್ಕಳನ್ನು ಆ ದಿನ ಅಜ್ಜನ ಮನೆಗೆ ಕಳಿಸಿದ್ದೆವು. ಪೈಪಿನ ಒಳಗೆ ಮಸಿ ಟಾರಿನ ಹಾಗೆ ಅಂಟಿ, ದಾರಿ ಅರ್ಧ ಮುಚ್ಚಿತ್ತು. ಹಸಿ ಸೌದೆ ಉರಿಸಿದ್ದರ ಫಲ ಅದು. ಹೊಸದಾಗಿ ಕಬ್ಬಿಣದ ತಗಡಿನ ಪೈಪು ಹಾಕಿದೆವು. ಅದು ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲೆ ನಿಲ್ಲುತ್ತದೆ. ಮಾಡಿನ ಮರಕ್ಕೆ ತಾಗದಂತೆ ಸುತ್ತ ಒಂದು ಗೇಣು ಜಾಗ ಬಿಟ್ಟು, ಆ ತೆರೆದ ಜಾಗಕ್ಕೆ ತಗಡು ಮುಚ್ಚಿದ್ದೇವೆ.

ಮೊದಲ ಎರಡು ದಿನ ಒದ್ದೆ ಗೋಣಿ ಹೊದಿಸಿ ಇಟ್ಟೆ. ಬಿರುಕು ಕಂಡಲ್ಲಿ ಬೆರಳಲ್ಲಿ ತೆಳುಮಣ್ಣು ತೀಡಿದೆ. ಹತ್ತು ದಿನ ಹಾಗೇ ಒಣಗಿತು. ಆಮೇಲೆ ಮೂರು ದಿನ ಸಂಜೆ ಒಂದು ಹಿಡಿ ಕಡ್ಡಿ, ಎರಡು ಕರಟ, ಅಷ್ಟೇ. ಅವಸರ ಮಾಡಿ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಹಬೆಯಾಗಿ ಮಣ್ಣು ಸಿಡಿಯುತ್ತದೆ.

ನಾಲ್ಕನೇ ದಿನ ಸೌದೆ ಹಾಕುವ ಬಾಯಿಯ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ದಾರದ ಹಾಗೆ ಒಳಗೆ ಎಳೆದುಕೊಂಡು ಹೋಯಿತು. ಅತ್ತೆ ಏನೂ ಹೇಳಲಿಲ್ಲ. ಕಡುಬಿನ ಹಿಟ್ಟು ತಿರುವಲು ಅಕ್ಕಿ ತರಿ ತೆಗೆದಿಟ್ಟರು. ಎರಡನೇ ಒಲೆಯಲ್ಲಿ ಬೇಳೆ ಬೆಂದೇ ಬಿಟ್ಟಿತು. ಮೂರನೆಯದರಲ್ಲಿ ನೀರು ಮುಟ್ಟಲು ಆಗದಷ್ಟು ಬಿಸಿ.

ಈಗ ದಿನಾ ಬೆಳಗ್ಗೆ ಬೂದಿಗುಂಡಿ ಖಾಲಿ ಮಾಡುತ್ತೇನೆ. ಕೆಳಗಿಂದ ಬರುವ ಗಾಳಿಯೇ ಜಾಲಿಯನ್ನು ತಣ್ಣಗೆ ಇಡುವುದು. ಬೂದಿ ಜಾಲಿಯ ತನಕ ತುಂಬಿದರೆ ಎಂಥ ಬೀಡೂ ಸುಟ್ಟು ಹೋಗುತ್ತದೆ. ತಿಂಗಳಿಗೊಮ್ಮೆ ಕತ್ತದ ಹಗ್ಗಕ್ಕೆ ತೆಂಗಿನ ಸಿಪ್ಪೆ ಕಟ್ಟಿ ಚಿಮಣಿಯಲ್ಲಿ ಮೇಲೆ ಕೆಳಗೆ ಎಳೆಯುತ್ತೇವೆ. ಚಿಮಣಿಗೆ ತಗಡಿನ ಟೋಪಿ ಮಾತ್ರ ಇನ್ನೂ ಹಾಕಿಲ್ಲ. ಮೃಗಶಿರ ಮಳೆ ಬರುವುದರೊಳಗೆ ಅದೊಂದು ಆಗಬೇಕು.