ಕರಕಿ ಒಣಗಿಸಿ ಮೊಲ ಸಾಕಿದ ನನ್ನ ಅನುಭವ

ಮೊಲಕ್ಕೆ ಹಾಕುವ ಟಿಮೋತಿ ಎಂಬ ವಿದೇಶಿ ಒಣಹುಲ್ಲು ತರಿಸುವುದು ಬಿಟ್ಟು ಎರಡು ವರ್ಷ ಆಯ್ತು. ನನ್ನ ಮೊಲಗಳು ಬೂದ್ಯಾ, ಬೆಳ್ಳಿ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. "ಕಲಬುರಗಿ ಬಿಸಿಲಿಗೆ ಒಣಗಿಸಿದ್ರ ಅದು ಕಸ ಆಗ್ತದ ತಮ್ಮಾ, ಹುಲ್ಲಲ್ಲ" ಅಂದಿದ್ದ ಪಕ್ಕದ ಮನೆ ಕಾಕಾ ಈಗ ತಮ್ಮ ಮೊಮ್ಮಗನ ಮೊಲಕ್ಕೆ ನನ್ನ ಹತ್ತಿರವೇ ಚೀಲ ಕೇಳುತ್ತಾರೆ.

ಮೊಲಕ್ಕೆ ಒಣಹುಲ್ಲೇ ಊಟ, ಉಳಿದದ್ದೆಲ್ಲ ಉಪ್ಪಿನಕಾಯಿ. ಸಾಕಿದವರಿಗೆ ಇದು ಗೊತ್ತು. ನನ್ನ ತಕರಾರು ದುಡ್ಡಿನದು. ಟಿಮೋತಿ ಆಗ ಆನ್‌ಲೈನ್‌ನಲ್ಲಿ ಕಿಲೋಗೆ 700ರಿಂದ 800 ಇತ್ತು. ಇಬ್ಬರಿಗೂ ಸೇರಿ ತಿಂಗಳಿಗೆ ಮೂರು ಕಿಲೋ ದಾಟುತ್ತಿತ್ತು. ಜೋಡಿ ಮೊಲವೇ 600ಕ್ಕೆ ಸಿಕ್ಕಿತ್ತು, ನೋಡಿ!

ಮೊದಲು ಜೋಳದ ಕಣಕಿ, ಅಂದರೆ ಒಣಗಿದ ದಂಟಿನ ಮೇವು ಹಾಕಿದೆ. ಎಲೆ ತಿಂದವು, ದಂಟು ಹಾಗೇ ಬಿಟ್ಟವು. ಎಳೆ ಹಸಿ ಜೋಳ ಮಾತ್ರ ಹತ್ತಿರವೂ ತರಬೇಡಿ, ಅದರ ವಿಷಕ್ಕೆ ದನಗಳೇ ಸಾಯುತ್ತವೆ. ಆಮೇಲೆ ತೊಗರಿ ಹೊಟ್ಟು. ನಮ್ಮ ಕಡೆ ಅದಕ್ಕೇನು ಬರ? ಆದರೆ ಅದರ ಧೂಳಿಗೆ ಬೆಳ್ಳಿ ಸೀನಿ ಸೀನಿ ಸುಸ್ತಾದಳು. ಕುದುರೆಮೆಂತೆಯನ್ನು (ಲೂಸರ್ನ್ ಮೇವು) ಇಬ್ಬರೂ ಆಸೆಪಟ್ಟು ತಿಂದರು. ಒಂದೂವರೆ ತಿಂಗಳಿಗೆ ಬೂದ್ಯಾನ ಮೂತ್ರ ಸುಣ್ಣದ ನೀರಿನ ಹಾಗಾಯ್ತು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಆರು ತಿಂಗಳೊಳಗಿನ ಮರಿಗೆ ನಡೆಯುತ್ತದೆ, ದೊಡ್ಡವಕ್ಕಲ್ಲ.

ಕೊನೆಗೆ ಕರಕಿ, ಅದೇ ಗಣಪನಿಗೆ ಏರಿಸುವ ಗರಿಕೆ. ಎಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಹರವಿದೆ. ಒಂದೇ ದಿನಕ್ಕೆ ಬಣ್ಣ ಹೋಯ್ತು, ವಾಸನೆ ಹೋಯ್ತು, ಮುಟ್ಟಿದರೆ ಪುಡಿ. ಬೆಳ್ಳಿ ಮೂಸಿ ಕಾಲಿನಿಂದ ಒದ್ದಳು. ಮಳೆಗಾಲ ಮುಗಿಯುವಾಗ ಮತ್ತೆ ಮಾಡಿದೆ. ಒಣಗಿದೆ ಅಂದುಕೊಂಡು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ನಾಲ್ಕು ದಿನಕ್ಕೆ ಕೈ ಹಾಕಿದರೆ ಒಳಗೆ ಬಿಸಿ, ಬೂಷ್ಟು. ಎಂಟು ಹತ್ತು ಕಿಲೋ ತಿಪ್ಪೆಗೆ ಹೋಯ್ತು. ಆ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಈಗ ಹೀಗೆ ಮಾಡುತ್ತೇನೆ. ತೆನೆ ಬಿಡುವ ಹೊತ್ತಿಗೆ ಕೊಯ್ಲು. ಅರ್ಧ ದಿನ ಬೆಳಗಿನ ಬಿಸಿಲು, ಆಮೇಲೆ ಎರಡು ಮೂರು ದಿನ ನೆರಳು. ದಿನಕ್ಕೆ ಮೂರು ಸಲ ತಿರುವುತ್ತೇನೆ. ಹಿಡಿ ಹುಲ್ಲು ತಿರುಚಿದಾಗ ಚಟಪಟ ಅನ್ನಬೇಕು, ಆದರೆ ಹಸಿರು ಬಣ್ಣ ಉಳಿದಿರಬೇಕು. ಗೋಣಿಚೀಲಕ್ಕೆ ತುಂಬಿ ನೇತು ಹಾಕುತ್ತೇನೆ.   ಆಳಿಗೆ 300, ಆಟೋಕ್ಕೆ 150, ಒಂದು ಸಲಕ್ಕೆ ಹನ್ನೆರಡು ಹದಿಮೂರು ಕಿಲೋ ಒಣಹುಲ್ಲು. ಲೆಕ್ಕ ನೀವೇ ಹಾಕಿ. ಹುಲ್ಲಿನ ಜೊತೆ ಕಾಂಗ್ರೆಸ್ ಕಸ (ಪಾರ್ಥೇನಿಯಂ) ಬಂದಿದ್ದರೆ ಕೂತು ಆರಿಸಬೇಕು. ತೊಗರಿ ಹೂ ಬಿಟ್ಟ ಮೇಲೆ ಬದುವಿನ ಹುಲ್ಲು ಮುಟ್ಟುವುದಿಲ್ಲ, ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆದಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಮ್ಮೆ ಎಡವಿದೆ. ನೆಂಟರ ಮಕ್ಕಳು ಬೂದ್ಯಾನಿಗೆ ಬಿಸ್ಕೆಟ್ಟು, ಚಪಾತಿ ತಿನ್ನಿಸಿದ್ದರು. ಮರುದಿನ ಹಿಕ್ಕೆ ಸಣ್ಣದಾಯ್ತು, ಸಂಜೆಗೆ ನಿಂತೇ ಹೋಯ್ತು. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿದ್ದ. ಮೊಲಕ್ಕೆ ವಾಂತಿ ಬರುವುದಿಲ್ಲ, ಹೊಟ್ಟೆಯ ಕೆಲಸ ನಿಂತರೆ ಬೆಳಗಾಗುವವರೆಗೂ ಕಾಯುವ ಹಾಗಿಲ್ಲ. ಮೊದಲು ಹೋದಲ್ಲಿ "ನಾವು ನಾಯಿ, ದನ ನೋಡ್ತೀವ್ರಿ" ಅಂದರು. ಎರಡನೇ ಕಡೆ ಇಂಜೆಕ್ಷನ್ನು, ಸಿರಿಂಜಿನಲ್ಲಿ ಗಂಜಿ, ಓಡಾಟ ಎಲ್ಲ ಸೇರಿ ಸುಮಾರು 1800 ಆಯ್ತು. ಬೆಳಗಿನ ಜಾವ ನಾಲ್ಕು ಹಿಕ್ಕೆ ಕಂಡಾಗ ಅವ್ವನನ್ನು ಎಬ್ಬಿಸಿ ತೋರಿಸಿದೆ. ಬೈಸಿಕೊಂಡೆ.

ಅಂದಿನಿಂದ ಗೂಡಿಗೆ ಬೀಗ. ಹಸಿರಿಗೆ ಕೊತ್ತಂಬರಿ, ಪುದೀನ, ಸಬ್ಬಸಗಿ, ಮೂಲಂಗಿ ಎಲೆ. ಹೊಸದೇನಿದ್ದರೂ ಒಂದೊಂದಾಗಿ, ಸ್ವಲ್ಪ ಸ್ವಲ್ಪ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ರೊಟ್ಟಿ ಇಲ್ಲವೇ ಇಲ್ಲ. ಗಜ್ಜರಿಯೂ (ಕ್ಯಾರೆಟ್) ವಾರಕ್ಕೆರಡು ಬಿಲ್ಲೆ, ಅದರ ಸೊಪ್ಪು ಮಾತ್ರ ಧಾರಾಳ. ಬಾಳೆಹಣ್ಣು ಉಗುರಿನಷ್ಟು, ಅದೂ ಉಗುರು ಕತ್ತರಿಸುವ ದಿನದ ಲಂಚ.

ಸುಮ್ನೆ ಕೂರಲಾಗದೆ ಪೇರಲ ಎಲೆ, ದಾಸವಾಳದ ಹೂವನ್ನೂ ಒಣಗಿಸಿ ನೋಡಿದೆ. ಪೇರಲ ಎಲೆ ಬೆಳ್ಳಿಗೆ ಸೇರಲಿಲ್ಲ. ದಾಸವಾಳಕ್ಕೆ ಬೂದ್ಯಾ ಹುಚ್ಚನಾದ. ಈಗ ಅವ್ವನ ದೇವರ ಹೂವಿನ ಬುಟ್ಟಿ ಕಪಾಟಿನ ಮೇಲಿರುತ್ತದೆ.