ಬ್ಯಾಟ್ ಬೀಸದ ಹುಡುಗನನ್ನೇ ಮೊದಲು ಇಳಿಸಿದೆ

ಈ ಸೀಸನ್‌ನಲ್ಲಿ ನಮ್ಮ ಮಕ್ಕಳ ಬೇಸ್‌ಬಾಲ್ ಟೀಮ್ 15 ಆಟ ಆಡಿ 11 ಗೆದ್ದಿತು. ಹೋದ ವರ್ಷ ಗೆದ್ದಿದ್ದು ಮೂರೇ ಮೂರು. ಹುಡುಗರು ಹೆಚ್ಚುಕಡಿಮೆ ಅವರೇ. ಬದಲಾಗಿದ್ದು ಬ್ಯಾಟಿಂಗ್ ಆರ್ಡರ್, ಮತ್ತೆ ಫೆಬ್ರವರಿಯಲ್ಲಿ ಅದನ್ನು ಆರಿಸಿದ ರೀತಿ. "ಇದು ಕ್ರಿಕೆಟ್ ಅಲ್ಲ ಸರ್" ಅಂತ ನನಗೆ ಹೇಳಿದವರೇ ಈಗ ನೋಟ್‌ಬುಕ್ ಕೊಡಿ ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಮಕ್ಕಳ ಬೇಸ್‌ಬಾಲ್ ಟೀಮ್ ನೋಡಿಕೊಳ್ಳುವ ನಮ್ಮವರಿಗೆ ಉಪಯೋಗಕ್ಕೆ ಬರಲಿ.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. 9-10 ವರ್ಷದ 12 ಹುಡುಗರು. ಹನ್ನೆರಡೂ ಜನ ಸರದಿ ಪ್ರಕಾರ ಬ್ಯಾಟ್ ಮಾಡಲೇಬೇಕು, ಅಂದರೆ ಮೇಲಿನವರಿಗೆ ಒಂದು ಆಟದಲ್ಲಿ ಮೂರು ಸಲ ಸಿಕ್ಕಿದರೆ ಕೆಳಗಿನವರಿಗೆ ಎರಡೇ ಸಲ. ಹಳೆಯ ಮ್ಯಾನೇಜರ್ ಊರು ಬಿಟ್ಟು ಹೋದಾಗ, 2025ರ ಜನವರಿಯಲ್ಲಿ ಟೀಮ್ ನನ್ನ ಕೈಗೆ ಬಂತು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆ ವರ್ಷ ಪ್ರಾಕ್ಟೀಸ್ ಆಟಗಳಲ್ಲಿ ಯಾರು ಎಷ್ಟು ಹಿಟ್ ಹೊಡೆದರು, ಅಂದರೆ ಎಷ್ಟು ಸಲ ಹೊಡೆದು ಓಡಿ ಮೊದಲ ಬೇಸ್ ತಲುಪಿದರು ಅಂತ ಎಣಿಸಿ ಆರ್ಡರ್ ಮಾಡಿದೆ. ಒಬ್ಬ ಹತ್ತು ಸಲಕ್ಕೆ ಆರು ಹಿಟ್ ಹೊಡೆದಿದ್ದ, ಮೊದಲ ಜಾಗ ಅವನಿಗೇ. ಸೀಸನ್ ಶುರುವಾದ ಮೇಲೆ ನಾಲ್ಕು ಆಟದಲ್ಲಿ ಅವನು ಬೇಸ್ ಮುಟ್ಟಿದ್ದು ಒಂದೇ ಸಲ. ನೋಟ್‌ಬುಕ್ ತಿರುವಿ ನೋಡಿದರೆ ಆ ಆರರಲ್ಲಿ ನಾಲ್ಕು, ಕಾಲ ಹತ್ತಿರ ಬಂದ ಚೆಂಡನ್ನು ಥರ್ಡ್ ಬೇಸ್ ಕಾಯುವ ಹುಡುಗ ಎತ್ತಿಕೊಳ್ಳಲಾಗದೆ ಬಿಟ್ಟಿದ್ದು. ಹತ್ತು ಸಲದ ಲೆಕ್ಕ ಲೆಕ್ಕವೇ ಅಲ್ಲ.

ಎರಡನೇ ತಪ್ಪಿಗೆ ದುಡ್ಡೂ ಹೋಯಿತು. ಬ್ಯಾಟಿಂಗ್ ಕೇಜ್ (ಬಲೆ ಕಟ್ಟಿದ ಪ್ರಾಕ್ಟೀಸ್ ಜಾಗ) ಬಾಡಿಗೆ ಗಂಟೆಗೆ 50 ಡಾಲರ್ ಹತ್ತಿರ, ಎರಡು ತಿಂಗಳಲ್ಲಿ ಸುಮಾರು 600 ಡಾಲರ್ ಕೊಟ್ಟೆ. ಅಲ್ಲಿ ಚೆಂಡು ಎಸೆಯುವ ಮೆಷಿನ್ ಇತ್ತು. ಹುಡುಗರು ಮೆಷಿನ್‌ನ ತಾಳ ಕಲಿತರೇ ಹೊರತು ಮನುಷ್ಯನ ಕೈ ನೋಡುವುದನ್ನು ಕಲಿಯಲಿಲ್ಲ. ಮೆಷಿನ್ ಚೆಂಡು ಪ್ರತಿ ಸಲವೂ ಸ್ಟ್ರೈಕ್, ಅಂದರೆ ಹೊಡೆಯಬೇಕಾದ ಸರಿಯಾದ ಎಸೆತ. ಆದರೆ ಚೆಂಡು ಎಸೆಯುವ ಹತ್ತು ವರ್ಷದ ಪಿಚರ್ ಎಸೆಯುವುದರಲ್ಲಿ ಅರ್ಧ ಬಾಲ್, ಅಂದರೆ ದಾರಿ ತಪ್ಪಿದ ಎಸೆತ. ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಹೊಡೆಯದೆಯೇ ಮೊದಲ ಬೇಸ್. ಬೀಸದೆ ಬಿಡುವುದನ್ನು ನಾನು ಕಲಿಸಿಯೇ ಇರಲಿಲ್ಲ.

ದಾರಿ ಕಂಡಿದ್ದು ದೊಡ್ಡವರ ಸ್ಪ್ರಿಂಗ್ ಟ್ರೈನಿಂಗ್, ಅಂದರೆ ಸೀಸನ್‌ಗೆ ಮುಂಚಿನ ತಯಾರಿ ಆಟ ನೋಡಿ. ಈ ಊರಿನ ಸುತ್ತ 10 ಮೈದಾನಗಳಲ್ಲಿ ಮೇಜರ್ ಲೀಗ್ ಅನ್ನೋ ಇಲ್ಲಿನ ಅತಿ ದೊಡ್ಡ ಲೀಗ್‌ನ 15 ತಂಡಗಳು ತಯಾರಿ ನಡೆಸುತ್ತವೆ. ನಾನು ಸಾಲ್ಟ್ ರಿವರ್ ಫೀಲ್ಡ್ಸ್‌ಗೂ ಸ್ಕಾಟ್ಸ್‌ಡೇಲ್‌ಗೂ ಹೋಗಿ ಹುಲ್ಲಿನ ದಿಬ್ಬದ ಮೇಲೆ ಕೂತು ನೋಡುತ್ತಿದ್ದೆ. ಅಲ್ಲಿ ಸ್ಕೋರ್ ಬಗ್ಗೆ ಯಾರಿಗೂ ಚಿಂತೆ ಇಲ್ಲ, ಆಟ ಟೈ ಆದರೂ ಹಾಗೇ ಮುಗಿಸಿ ಹೋಗುತ್ತಾರೆ. ಹೆಸರಾದವರು ಎರಡು ಮೂರು ಸಲ ಬ್ಯಾಟ್ ಮಾಡಿ ಬಟ್ಟೆ ಬದಲಿಸಲು ಹೊರಡುತ್ತಾರೆ, ಆಮೇಲೆ ಬೆನ್ನ ಮೇಲೆ ಎಂಬತ್ತು ತೊಂಬತ್ತರ ನಂಬರ್ ಇರುವ ಹುಡುಗರು ಬರುತ್ತಾರೆ. ಹೊಸ ಪಿಚ್ (ಇಲ್ಲಿ ಎಸೆತಕ್ಕೆ ಹಾಗನ್ನುತ್ತಾರೆ) ಕಲಿಯುತ್ತಿರುವ ಪಿಚರ್ ಏಟು ತಿಂದರೂ ಅದನ್ನೇ ಎಸೆಯುತ್ತಿರುತ್ತಾನೆ. ಇಲ್ಲಿ ಬರೆದುಕೊಳ್ಳಬೇಕಾದ್ದೇ ಬೇರೆ ಅಂತ ಆಗ ಅನ್ನಿಸಿತು.

ಆ ತಂಡಗಳಲ್ಲೊಂದಾದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ 2026ರ ಸೀಸನ್‌ಗೆ ಟೋನಿ ವಿಟೆಲ್ಲೊ ಹೊಸ ಮ್ಯಾನೇಜರ್ ಆಗಿ ಬಂದರು. ಟೆನಸ್ಸೀ ಕಾಲೇಜ್ ತಂಡಕ್ಕೆ 2024ರಲ್ಲಿ ಚಾಂಪಿಯನ್ ಪಟ್ಟ ಗೆದ್ದುಕೊಟ್ಟವರು, ಪ್ರೊಫೆಷನಲ್ ತಂಡದಲ್ಲಿ ಆಡಿದವರೂ ಅಲ್ಲ, ಕೋಚ್ ಆಗಿದ್ದವರೂ ಅಲ್ಲ. ಹೊರಗಿನಿಂದ ಬಂದವರನ್ನು ಜೈಂಟ್ಸ್‌ನವರೇ ನಂಬಿದರು, ಹಾಸನದ ಬಯಲಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದ ನಾನು ಯಾಕೆ ಹಿಂಜರಿಯಬೇಕು ಅಂತ ಧೈರ್ಯ ಮಾಡಿದೆ.

ಕೇಜ್ ಬಿಟ್ಟೆ. ಹಳೆಯ ಎಲ್ ಸ್ಕ್ರೀನ್ (ಎಸೆಯುವವನಿಗೆ ಚೆಂಡು ತಾಗದಂತೆ ಮುಂದೆ ಇಡುವ ಬಲೆ) ಒಂದನ್ನು 80 ಡಾಲರ್‌ಗೆ, ಎರಡು ಬಕೆಟ್ ಚೆಂಡು 100 ಚಿಲ್ಲರೆಗೆ ತಂದೆ. "ರೀ, ಗ್ಯಾರೇಜಲ್ಲಿ ಇನ್ನು ಕಾರು ನಿಲ್ಲಲ್ಲ" ಅಂದಳು ನನ್ನ ಹೆಂಡತಿ. ನಿಜ, ಕಾರು ಈಗ ಹೊರಗೇ ಇದೆ. ಸ್ಕ್ರೀನ್ ಹಿಂದೆ ನಿಂತು ನಾನೇ ಎಸೆದೆ. ಪ್ರತಿ ಹುಡುಗನಿಗೂ ಒಂದು ಬಾಲ್, ಒಂದು ಸ್ಟ್ರೈಕ್ ಆಗಿದೆ ಅಂತ ಇಟ್ಟುಕೊಂಡು ಶುರು. ಒಂದು ದಿನಕ್ಕೆ ಐದು ಸರದಿ, ಆರು ದಿನ, ಒಬ್ಬೊಬ್ಬನಿಗೂ ಸುಮಾರು 30 ಸಲ. ಹಿಟ್ ಬರೆಯಲೇ ಇಲ್ಲ. ಬೀಸಿದ್ದು ಸ್ಟ್ರೈಕೋ ಬಾಲೋ, ಬಿಟ್ಟಿದ್ದು ಸ್ಟ್ರೈಕೋ ಬಾಲೋ, ತಾಗಿದ್ದು ಗಟ್ಟಿಯಾಗಿತ್ತೋ ಇಲ್ಲವೋ, ಇಷ್ಟೇ. ಟಿಕ್, ಅಡ್ಡಗೆರೆ, ಚುಕ್ಕಿ. ಯಾವುದಕ್ಕೆ ಎಷ್ಟು ಅಂಕ ಅನ್ನೋದನ್ನು ಇಲ್ಲಿ ಹೇಳೋಲ್ಲ, ಮುಂದಿನ ಸೀಸನ್ ಇದೇ ಲೀಗ್‌ನಲ್ಲಿ ಆಡಬೇಕಲ್ವಾ.

ನಡುವೆ ಚೆಂಡನ್ನು ಬಾಯಲ್ಲಿ ಕೂರಿಸಿ ಎಸೆಯುವ ಸೈಡ್ ಆರ್ಮ್ ಕೋಲನ್ನೂ ಪ್ರಯತ್ನಿಸಿದೆ. ಭಾರತ ತಂಡಕ್ಕೆ ನಮ್ಮ ಕುಮಟಾದ ರಾಘವೇಂದ್ರ ಥ್ರೋಡೌನ್ ಕೊಡುತ್ತಾರಲ್ಲ, ಅಂಥದ್ದೇ ಕೋಲು. ಊರಿಂದ ಬಂದ ಭಾವನ ಕೈಲಿ ತರಿಸಿದೆ. ಬೇಸ್‌ಬಾಲ್ ಕ್ರಿಕೆಟ್ ಚೆಂಡಿಗಿಂತ ಒಂದು ಚೂರು ದಪ್ಪ. ಕೋಲಿನ ಬಾಯಿಗೆ ಬಿಗಿಯಾಗಿ ಕೂತು, ತಡವಾಗಿ ಬಿಟ್ಟುಕೊಂಡು ನನ್ನ ಮುಂದೆಯೇ ನೆಲಕ್ಕೆ ಬೀಳುತ್ತಿತ್ತು. ಬಾಯಿಯನ್ನು ಬಿಸಿನೀರಲ್ಲಿ ಅದ್ದಿ ಸ್ವಲ್ಪ ಅಗಲ ಮಾಡಿದ ಮೇಲೆ ಸರಿಹೋಯಿತು. ಈಗ ನನ್ನ ಭುಜ ಉಳಿದಿದೆ, 200 ಚೆಂಡು ಎಸೆದರೂ ನೋವಿಲ್ಲ.

ನೋಟ್‌ಬುಕ್ ಕೂಡಿಸಿದಾಗ ಮೇಲೆ ಬಂದವನು ರೈಟ್ ಫೀಲ್ಡ್‌ನಲ್ಲಿ (ಮೈದಾನದ ಬಲ ಮೂಲೆ) ನಿಲ್ಲುವ ನಮ್ಮ ಹುಡುಗ. ಟೀಮ್‌ನಲ್ಲೇ ನಿಧಾನ ಓಡುವವನು, ಸರಿಯಾಗಿ ಹೊಡೆಯಲೂ ಬಾರದು. ಆದರೆ ಬಾಲ್ ಯಾವುದು ಅಂತ ಅವನ ಕಣ್ಣಿಗೆ ಗೊತ್ತು. ಅವನನ್ನು ಮೊದಲು ಹಾಕಿದೆ. ಬಲವಾಗಿ ಹೊಡೆಯುವವನನ್ನು ನಾಲ್ಕರಿಂದ ಎತ್ತಿ ಎರಡಕ್ಕೆ ತಂದೆ. ಮೇಜರ್ ಲೀಗ್‌ನಲ್ಲಿ ಯಾಂಕೀಸ್ ತಂಡದವರು ತಮ್ಮ ದೊಡ್ಡ ಹೊಡೆತಗಾರ ಆರನ್ ಜಡ್ಜ್‌ನನ್ನು ಎಷ್ಟೋ ಸಲ ಎರಡರಲ್ಲಿ ಇಳಿಸಿದ್ದಾರೆ, ಡಾಡ್ಜರ್ಸ್ ತಂಡದವರು 2024ರಲ್ಲಿ ತಮ್ಮ ಹೊಡೆತಗಾರ ಒಟಾನಿಯನ್ನು ಒಂದಕ್ಕೇ ತಂದರು. ಒಳ್ಳೆಯವನಿಗೆ ಜಾಸ್ತಿ ಸರದಿ ಸಿಗಲಿ ಅನ್ನೋದೇ ಲೆಕ್ಕ. ಆದರೂ ಅಪ್ಪಂದಿರು ಸಿಟ್ಟಾದರು. ವೇಗದ ಹುಡುಗನ ಅಪ್ಪ ಎರಡು ವಾರ ಮಾತೇ ಆಡಲಿಲ್ಲ.

ಮೊದಲ ಆಟದ ಮೊದಲ ಸರದಿ ನನಗಿನ್ನೂ ಕಣ್ಣ ಮುಂದೆ ಇದೆ. ಹೆಲ್ಮೆಟ್ ಆ ರೈಟ್ ಫೀಲ್ಡ್ ಹುಡುಗನಿಗೆ ದೊಡ್ಡದು, ಪ್ರತಿ ಚೆಂಡಿಗೂ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದ. ಬಾಲ್, ಸ್ಟ್ರೈಕ್, ಬಾಲ್, ಸ್ಟ್ರೈಕ್. ಆಮೇಲೆ ಎರಡು ಫೌಲ್, ಬ್ಯಾಟಿನ ತುದಿಗೆ ಸವರಿ ಗೆರೆಯಾಚೆ ಹೋದವು. ಮತ್ತೆ ಬಾಲ್. ಎಂಟನೇ ಚೆಂಡು ಮೊಣಕಾಲಿನ ಕೆಳಗೆ, ಅವನ ಬ್ಯಾಟ್ ಹೆಗಲು ಬಿಟ್ಟು ಅಲ್ಲಾಡಲಿಲ್ಲ. ನಾಲ್ಕನೇ ಬಾಲ್, ವಾಕ್. ಬ್ಯಾಟ್ ಮೆಲ್ಲಗೆ ನೆಲದ ಮೇಲಿಟ್ಟು ಓಡಿದ. ಎರಡನೆಯವನು ಮೊದಲ ಚೆಂಡನ್ನೇ ಎಡ ಬೇಲಿಯವರೆಗೆ ಹೊಡೆದ. ಒಂದು ಸರದಿಗೇ ಎಂಟು ಪಿಚ್. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ನಿಯಮದಲ್ಲಿ ಈ ವಯಸ್ಸಿನ ಪಿಚರ್‌ಗೆ ದಿನಕ್ಕೆ 75 ಪಿಚ್ ಮಾತ್ರ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಹೀಗಾಗಿ ಎದುರಾಳಿಯ ಒಳ್ಳೆ ಪಿಚರ್ ಮೂರನೇ ಇನಿಂಗ್ಸ್‌ಗೇ ಹೊರಗೆ. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಆಟದಲ್ಲೇ ಕಂಡುಕೊಂಡೆ.

ಎರಡನೇ, ಮೂರನೇ ಆಟ ಸೋತೆವು. ಆರ್ಡರ್ ಬದಲಿಸಿ ಅಂತ ಸಹಾಯಕ ಕೋಚ್ ಹೇಳಿದರು. ಆರು ಆಟ ಮುಟ್ಟೋಲ್ಲ ಅಂದಿದ್ದೆ, ಮುಟ್ಟಲಿಲ್ಲ. ಆಮೇಲೆ ಸತತ ಏಳು ಗೆದ್ದೆವು. ಆಟಕ್ಕೆ ನಾಲ್ಕು ರನ್ ಬರುತ್ತಿದ್ದದ್ದು ಎಂಟೊಂಬತ್ತಕ್ಕೆ ಏರಿತು.

ಕೆಳಗಿನ ಆರು ಜನರನ್ನು ಜೋಡಿ ಜೋಡಿಯಾಗಿ ಕೂರಿಸುವ ಒಂದು ಉಪಾಯವೂ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಫಾಲ್ (ಶರತ್ಕಾಲದ) ಸೀಸನ್‌ಗೆ ಕ್ಯಾಚರ್, ಅಂದರೆ ಬ್ಯಾಟ್ ಮಾಡುವವನ ಹಿಂದೆ ಚೆಂಡು ಹಿಡಿಯುವವನ ಲೆಕ್ಕ ಸರಿಮಾಡಬೇಕು. ನಾಲ್ಕು ಇನಿಂಗ್ಸ್ ಕ್ಯಾಚರ್ ಆದವನು ಅವತ್ತು ಪಿಚ್ ಮಾಡುವಂತಿಲ್ಲ, ಅದನ್ನು ಮರೆತು ಒಂದು ಆಟ ಕಳೆದುಕೊಂಡಿದ್ದೇವೆ. ಅದಕ್ಕೆ ನೋಟ್‌ಬುಕ್‌ನಲ್ಲಿ ಈಗಾಗಲೇ ಬೇರೆ ಪುಟ ಗೀಟು ಹಾಕಿಟ್ಟಿದ್ದೇನೆ.