ಮೊದಲ ಕಾಂಟ್ರ್ಯಾಕ್ಟ್: ಸಹಿ ಹಾಕುವ ಮುಂಚೆ, ಹಾಕಿದ ಮೇಲೆ

ಬೆಂಗಳೂರಿನ ಫುಟ್‌ಬಾಲ್ ಲೀಗ್ ಸೂಪರ್ ಡಿವಿಷನ್‌ನಲ್ಲೋ ಯಾವುದಾದರೂ ಕ್ಲಬ್‌ನ ಯೂತ್ ಟೀಮಿನಲ್ಲೋ ಚೆನ್ನಾಗಿ ಆಡುವ ಹುಡುಗನಿಗೆ ಹದಿನೇಳು ಹದಿನೆಂಟರಲ್ಲಿ ಮೊದಲ ಕಾಂಟ್ರ್ಯಾಕ್ಟ್ ಬರಬಹುದು. ಖುಷಿಯಲ್ಲಿ ಅಲ್ಲೇ ಸಹಿ ಹಾಕಬೇಡಿ. ಮನೆಗೆ ತಂದು ಎರಡು ದಿನ ಇಟ್ಟುಕೊಂಡು ಓದಿ.

ಮೊದಲು ಅವಧಿ ನೋಡಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ 18 ತುಂಬದವರ ಕಾಂಟ್ರ್ಯಾಕ್ಟ್ 3 ವರ್ಷ ಮೀರುವಂತಿಲ್ಲ. ಅಪ್ಪ ಅಥವಾ ಅಮ್ಮನ ಸಹಿಯೂ ಬೇಕು. ಮೊದಲ ಸಲಕ್ಕೆ 2 ವರ್ಷ ಸಾಕು ಅನ್ನುವುದು ನಮ್ಮ ಅಭಿಪ್ರಾಯ; ಬೆಂಚಿನಲ್ಲೇ ಕೂರಬೇಕಾಗಿ ಬಂದರೆ ಉದ್ದದ ಕಾಂಟ್ರ್ಯಾಕ್ಟಿನಿಂದ ಬಿಡಿಸಿಕೊಳ್ಳುವುದು ಕಷ್ಟ. ‘ಕ್ಲಬ್ ಇಚ್ಛಿಸಿದರೆ ಇನ್ನೊಂದು ವರ್ಷ ಮುಂದುವರಿಸಬಹುದು’ ಎಂಬ ಸಾಲು ಕಂಡರೆ, ಆ ವರ್ಷದ ಸಂಬಳ ಎಷ್ಟೆಂದು ಅಲ್ಲೇ ಬರೆಸಿ. ಇಲ್ಲದಿದ್ದರೆ ಹಳೇ ಸಂಬಳಕ್ಕೇ ಆಡಿಸುತ್ತಾರೆ.

ಸಂಬಳ ಯಾವ ತಾರೀಖಿಗೆ ಬರುತ್ತದೆ, 12 ತಿಂಗಳೂ ಬರುತ್ತದೋ ಸೀಸನ್ ಇರುವಾಗ ಮಾತ್ರವೋ, ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಕಳೆದು ಕೈಗೆಷ್ಟು, ಊಟ ವಸತಿ ಯಾರದು ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯ ಗಾಯದ ವಿಚಾರ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಆಪರೇಷನ್ ಆದರೆ ಮತ್ತೆ ಆಡಲು ಸಾಮಾನ್ಯವಾಗಿ 9 ತಿಂಗಳಾದರೂ ಹಿಡಿಯುತ್ತದೆ. ಅಷ್ಟೂ ದಿನದ ಸಂಬಳ, ಆಪರೇಷನ್ ಮತ್ತು ಫಿಸಿಯೊ ಖರ್ಚು ಯಾರ ತಲೆಯ ಮೇಲೆ? ‘ನಾವು ನೋಡ್ಕೋತೀವಿ ಬಿಡಿ’ ಅನ್ನುವ ಬಾಯಿಮಾತು ಸಾಲದು, ಕಾಗದದಲ್ಲಿ ಇರಬೇಕು.

ಎರಡೂ ಕಡೆಯವರ ಸಹಿಯಾದ ಒಂದು ಪ್ರತಿ ನಿಮ್ಮ ಹತ್ತಿರ ಇರಲೇಬೇಕು. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಕ್ಲಬ್‌ಗೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಗಡುವು ಕೊಡಬೇಕು. ಆಗಲೂ ಕೊಡದಿದ್ದರೆ ಕಾಂಟ್ರ್ಯಾಕ್ಟ್ ಮುರಿಯಲು ಫಿಫಾ ನಿಯಮದಲ್ಲೇ ಅವಕಾಶವಿದೆ. ಹುಡುಗರು ಎಡವುವುದು ಇಲ್ಲೇ. ಸಿಟ್ಟಿಗೆ ಪ್ರಾಕ್ಟೀಸ್ ಬಿಟ್ಟು ಊರಿಗೆ ಹೋಗಿಬಿಡುತ್ತಾರೆ, ಆಗ ತಪ್ಪು ಅವರ ಮೇಲೆಯೇ ಬರುತ್ತದೆ. ಆ 15 ದಿನವೂ ತಪ್ಪದೆ ಮೈದಾನಕ್ಕೆ ಹೋಗಿ.

ಏಜೆಂಟ್ ಬಂದರೆ ಫಿಫಾ ಲೈಸೆನ್ಸ್ ತೋರಿಸಲು ಹೇಳಿ. ಯುರೋಪಿನಲ್ಲಿ ಟ್ರಯಲ್ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೆಲವೇ ವಿನಾಯಿತಿ ಬಿಟ್ಟರೆ 18ರ ಒಳಗಿನವರ ವಿದೇಶಿ ವರ್ಗಾವಣೆಗೆ ಫಿಫಾ ಒಪ್ಪುವುದೇ ಇಲ್ಲ.

ಸೀನಿಯರ್ ತಂಡದ ವೇಗಕ್ಕೆ ಮೊದಲು ಕೈಕೊಡುವುದು ಹೆಚ್ಚಾಗಿ ತೊಡೆಯ ಹಿಂಭಾಗ, ಅಂದರೆ ಹ್ಯಾಮ್‌ಸ್ಟ್ರಿಂಗ್. ಅದಕ್ಕೆ ನಾರ್ಡಿಕ್ ವ್ಯಾಯಾಮ ಮಾಡಿ: ಮಂಡಿಯೂರಿ, ಹಿಮ್ಮಡಿಯನ್ನು ಜೊತೆಗಾರ ಒತ್ತಿ ಹಿಡಿದಿರಲಿ, ಸೊಂಟ ಬಗ್ಗಿಸದೆ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸಿ, ತಡೆಯಲಾಗದೆ ಹೋದಾಗ ಅಂಗೈ ಊರಿ. ವಾರಕ್ಕೊಮ್ಮೆ 5 ಸಲದ ಎರಡು ಸೆಟ್‌ನಿಂದ ಶುರು ಮಾಡಿ ಮೆಲ್ಲಗೆ ಏರಿಸಿ. ಮ್ಯಾಚಿನ ಹಿಂದಿನ ದಿನ ಬೇಡ, ಕಾಲು ಹಿಡಿದುಕೊಂಡಂತಾಗುತ್ತದೆ. ನೆಗಡಿಯ ಮಾತ್ರೆಯನ್ನೂ ತಂಡದ ಡಾಕ್ಟರಿಗೆ ತೋರಿಸದೆ ನುಂಗಬೇಡಿ; ಕೆಲವದರಲ್ಲಿರುವ ಸ್ಯೂಡೋಎಫೆಡ್ರಿನ್ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು.

ಮೊದಲ ತಂಡದಲ್ಲಿ ಅವಕಾಶ ಸಿಗದಿದ್ದರೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಬೇರೆ ಕ್ಲಬ್‌ಗೆ, ಕಳಿಸಿ ಎಂದು ನೀವೇ ಕೇಳಿ. ದೊಡ್ಡ ಕ್ಲಬ್‌ನ ಜೆರ್ಸಿ ಹಾಕಿ ಕೂರುವುದಕ್ಕಿಂತ ಕೆಳಗಿನ ಲೀಗ್‌ನಲ್ಲಿ ವಾರಕ್ಕೆ 90 ನಿಮಿಷ ಆಡುವುದು ಮೇಲು. ಕಾಂಟ್ರ್ಯಾಕ್ಟಿನ ಕೊನೆಯ 6 ತಿಂಗಳಲ್ಲಿ ಬೇರೆ ಕ್ಲಬ್‌ನೊಂದಿಗೆ ಸಹಿ ಮಾಡಿಕೊಳ್ಳಬಹುದು. ಆ 6 ತಿಂಗಳು ಶುರುವಾಗುವ ತಾರೀಖನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಷ್ಟರೊಳಗೆ ಬೇರೆ ಕ್ಲಬ್‌ಗಳಿಗೆ ತೋರಿಸಲು ನಿಮ್ಮ ಆಟದ 4 ನಿಮಿಷದ ವಿಡಿಯೊ ಸಿದ್ಧವಿರಲಿ: ಶುರುವಿನಲ್ಲೇ ಹೆಸರು, ಆಡುವ ಜಾಗ (ಡಿಫೆಂಡರ್, ಸ್ಟ್ರೈಕರ್ ಹೀಗೆ), ಜೆರ್ಸಿ ನಂಬರು, ಆಮೇಲೆ ಬರೀ ಆಟ.